ಡಿ ಡ್ರೈವ್ ಅನ್ನು ಸಿಗೆ ಸೇರಿಸುವುದು ಹೇಗೆ? ಫೈಲ್ ಕಳೆದುಕೊಳ್ಳದೆ ಪಾರ್ಟಿಷನ್ ಒಂದು ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ಲಿನಕ್ಸ್, ಮ್ಯಾಕ್ ಬಳಸುವವರ ಪ್ರಶ್ನೆಗಳು ಕೊನೆಯಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ.

## ಶುರುವಿಗೆ

ಸಿ ಡ್ರೈವ್ ಕೆಂಪಾಗಿದೆ, ಡಿಯಲ್ಲಿ 200 ಜಿಬಿ ಸುಮ್ಮನೆ ಬಿದ್ದಿದೆ. ಎರಡನ್ನೂ ಸೇರಿಸಿಬಿಡೋಕೆ ಒಂದು ಬಟನ್ ಇಲ್ವಾ?

ವಿಂಡೋಸ್‌ನಲ್ಲಿ ಇಲ್ಲ. ‘ಮರ್ಜ್’ ಅಂತ ನಾವು ಕರೆಯುವುದು ನಿಜಕ್ಕೂ ಮೂರು ಬಿಡಿ ಕೆಲಸ: ಡಿಯಲ್ಲಿರುವ ಫೈಲುಗಳನ್ನು ಬೇರೆ ಕಡೆ ನಕಲು ಮಾಡುವುದು, ಡಿಯನ್ನು ಅಳಿಸುವುದು, ಅಳಿಸಿದ ಜಾಗಕ್ಕೆ ಸಿಯನ್ನು ಹಿಗ್ಗಿಸುವುದು. ಮರ್ಜ್ ಬಟನ್ ಇರುವ ಬೇರೆ ಕಂಪನಿಗಳ ಸಾಫ್ಟ್‌ವೇರ್‌ಗಳಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ. ಡಿಯ ಫೈಲುಗಳನ್ನು ಸಿಯ ಒಂದು ಫೋಲ್ಡರಿಗೆ ಸಾಗಿಸಿ, ಗಡಿ ಅಳಿಸುತ್ತವೆ.

ಫೈಲ್ ಹೋಗುವುದಾದರೆ ಎರಡನೇ ಹೆಜ್ಜೆಯಲ್ಲೇ ಹೋಗುವುದು. ‘ಡಿಲೀಟ್’ ಒತ್ತುವ ಗಳಿಗೆಯಲ್ಲಿ ಫೈಲುಗಳು ಇನ್ನೊಂದು ಕಡೆ ಇವೆಯೇ, ತೆರೆದು ನೋಡಿದ್ದೀರಾ ಎಂಬುದಷ್ಟೇ ಮುಖ್ಯ.

ಸಿ ಹಿಗ್ಗಿಸಿದರೆ ಸಿಯಲ್ಲಿರೋ ವಿಂಡೋಸ್, ಫೋಟೋ ಎಲ್ಲ ಹೋಗುತ್ತಾ?

ಹೋಗುವುದಿಲ್ಲ. ಪಕ್ಕದ ಹೊಲವನ್ನೂ ಕೊಂಡು ನಡುವಿನ ಬದು ಕಿತ್ತು ಮುಂದೆ ಹಾಕಿದಂತೆ ಇದು. ನಿಮ್ಮ ಹೊಲದ ಪೈರಿಗೆ ಏನೂ ಆಗದು; ಪಕ್ಕದ ಹೊಲದ್ದನ್ನು ಮಾತ್ರ ಮೊದಲೇ ಕೊಯ್ದು ಮನೆಗೆ ತಂದಿರಬೇಕು. ಹಿಗ್ಗಿಸುವಾಗ ವಿಂಡೋಸ್ ಯಾವ ಫೈಲನ್ನೂ ಸರಿಸುವುದಿಲ್ಲ, ಗಡಿ ಎಲ್ಲಿದೆ ಎಂಬ ದಾಖಲೆಯನ್ನಷ್ಟೇ ತಿದ್ದುತ್ತದೆ. ಹಾಗಾಗಿಯೇ ನೂರಾರು ಜಿಬಿ ಹಿಗ್ಗಿಸಿದರೂ ಕೆಲಸ ಕೆಲವೇ ಸೆಕೆಂಡು.

ಅಂಗಡಿಯವರೇ ಸಿ, ಡಿ, ಇ ಅಂತ ಮೂರು ಮಾಡಿಕೊಟ್ಟಿದ್ದಾರೆ. ಒಂದೇ ಮಾಡಿದರೆ ಸ್ಲೋ ಆಗಲ್ವಾ?

ಆಗುವುದಿಲ್ಲ. ಎಸ್‌ಎಸ್‌ಡಿಯಲ್ಲಂತೂ ಪಾರ್ಟಿಷನ್ ಎಷ್ಟಿದ್ದರೂ ವೇಗ ಅಷ್ಟೇ. ಅಂಗಡಿಯವರು ಹೀಗೆ ಭಾಗ ಮಾಡುವುದಕ್ಕೆ ಬೇರೆ ಕಾರಣವಿದೆ: ವಿಂಡೋಸ್ ಕೆಟ್ಟಾಗ ಸಿಯನ್ನು ಮಾತ್ರ ಫಾರ್ಮ್ಯಾಟ್ ಮಾಡಿ, ಡಿಯಲ್ಲಿರುವ ಗಿರಾಕಿಯ ಫೈಲುಗಳನ್ನು ಮುಟ್ಟದೆ ಕೊಡಬಹುದು. ಒಂದೇ ಮಾಡಿದರೆ ಈ ಅನುಕೂಲ ಹೋಗುತ್ತದೆ. ಆದರೆ ಡಿಯಲ್ಲಿ ಇಟ್ಟದ್ದು ಬ್ಯಾಕಪ್ ಅಂತ ನಂಬಿದವರಿಗೆ ಒಂದು ಮಾತು: ಡಿಸ್ಕ್ ಕೆಟ್ಟರೆ ಸಿ, ಡಿ, ಇ ಮೂರೂ ಒಟ್ಟಿಗೇ ಹೋಗುತ್ತವೆ.

ನನ್ನ ಸಿ ಎಸ್‌ಎಸ್‌ಡಿಯಲ್ಲಿದೆ, ಡಿ ಹಳೇ ಹಾರ್ಡ್ ಡಿಸ್ಕ್‌ನಲ್ಲಿದೆ. ಸೇರಿಸಬಹುದಾ?

ಆಗದು. ಪಾರ್ಟಿಷನ್ ಅನ್ನುವುದು ಒಂದೇ ಡಿಸ್ಕ್‌ನೊಳಗಿನ ಭಾಗ. ಡಿಸ್ಕ್ ಮ್ಯಾನೇಜ್‌ಮೆಂಟ್ (ಡಿಸ್ಕ್‌ನ ಭಾಗಗಳನ್ನು ತೋರಿಸುವ ವಿಂಡೋಸ್‌ನ ಸ್ವಂತ ಸಾಧನ; ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿದರೆ ಪಟ್ಟಿಯಲ್ಲಿ ಸಿಗುತ್ತದೆ) ತೆರೆದು ಕೆಳಗಿನ ಅರ್ಧ ನೋಡಿ. ಸಿ ‘ಡಿಸ್ಕ್ 0’ ಸಾಲಿನಲ್ಲೂ ಡಿ ‘ಡಿಸ್ಕ್ 1’ ಸಾಲಿನಲ್ಲೂ ಇದ್ದರೆ ಅವು ಬೇರೆ ಬೇರೆ ಡಿಸ್ಕ್. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಡಿಗೆ ಸಾಗಿಸುವುದೇ ದಾರಿ: ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಷನ್ ಟ್ಯಾಬ್, ಮೂವ್.

ಸೇರಿಸದೇ ಸಿಗೆ ಜಾಗ ಮಾಡಿಕೊಳ್ಳಬಹುದಾ?

ಎಷ್ಟೋ ಸಲ ಅದೇ ಸಾಕು. ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ತಾತ್ಕಾಲಿಕ ಫೈಲುಗಳನ್ನು ಅಳಿಸಿ. ಹಿಂದಿನ ವಿಂಡೋಸ್‌ನ ಉಳಿಕೆ ಇದ್ದರೆ ಅದೊಂದೇ ಹತ್ತಾರು ಜಿಬಿ ಇರಬಹುದು. ಹೈಬರ್ನೇಟ್ ಬಳಸದವರು ಅದನ್ನು ನಿಲ್ಲಿಸಿದರೆ ರ‍್ಯಾಮ್‌ನ ಸುಮಾರು 40 ಶೇಕಡಾದಷ್ಟು ಜಾಗ ಸಿಯಲ್ಲಿ ಬಿಡುಗಡೆಯಾಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಯನ್ನು ಸಿಯೊಳಗಿನ ಒಂದು ಖಾಲಿ ಫೋಲ್ಡರಿಗೆ ಜೋಡಿಸಲೂ ಬಹುದು. ಆಗ ಆ ಫೋಲ್ಡರಿಗೆ ಹಾಕಿದ್ದೆಲ್ಲ ನಿಜದಲ್ಲಿ ಡಿಗೆ ಹೋಗುತ್ತದೆ. ಇದರಲ್ಲಿ ಏನನ್ನೂ ಅಳಿಸಬೇಕಾಗಿಲ್ಲ.

## ಕೈ ಹಾಕುವ ಮೊದಲು

ಡಿಯಲ್ಲಿರೋದನ್ನೆಲ್ಲ ಕಟ್ ಮಾಡಿ ಪೇಸ್ಟ್ ಮಾಡಿದರೆ ಸಾಕಲ್ವಾ?

ಕಟ್ ಬೇಡ, ಕಾಪಿ ಮಾಡಿ. ಕಟ್ ಮಾಡಿದಾಗ ಫೈಲುಗಳು ಸಾಗುತ್ತಾ ಸಾಗುತ್ತಾ ಹಳೆಯ ಜಾಗದಿಂದ ಅಳಿಯುತ್ತವೆ. ನಡುವೆ ಕರೆಂಟ್ ಹೋದರೆ ಅಥವಾ ಯುಎಸ್‌ಬಿ ಕೇಬಲ್ ಅಲುಗಿದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ.

ಎಕ್ಸ್‌ಟರ್ನಲ್ ಡಿಸ್ಕ್‌ನ ಫಾರ್ಮ್ಯಾಟ್ (ಫೈಲುಗಳನ್ನು ಜೋಡಿಸಿಡುವ ರೀತಿ) ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲು, ಉದಾಹರಣೆಗೆ ಮದುವೆ ವಿಡಿಯೋ, ಒಳಗೆ ಹೋಗುವುದೇ ಇಲ್ಲ. ಯುಎಸ್‌ಬಿ 3 ಹಾರ್ಡ್ ಡಿಸ್ಕ್‌ಗೆ ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ 200 ಜಿಬಿಗೆ ಅರ್ಧ ಗಂಟೆ ಮೇಲೆ ಹಿಡಿಯುತ್ತದೆ. ಸಣ್ಣ ಸಣ್ಣ ಫೈಲು ಲಕ್ಷಗಟ್ಟಲೆ ಇದ್ದರೆ ಅದರ ಹಲವು ಪಟ್ಟು.

ಮುಗಿದ ಮೇಲೆ ಎರಡೂ ಕಡೆ ಎಲ್ಲ ಫೋಲ್ಡರ್‌ಗಳನ್ನು ಆಯ್ದು ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಮತ್ತು ಗಾತ್ರ ಹೋಲಿಸಿ. ‘ಸೈಜ್’ ಸಾಲನ್ನು ನೋಡಿ; ‘ಸೈಜ್ ಆನ್ ಡಿಸ್ಕ್’ ಎರಡು ಕಡೆ ಬೇರೆ ಬರುವುದು ಸಹಜ. ಬೇರೆ ಬೇರೆ ಫೋಲ್ಡರಿನ ಹತ್ತಿಪ್ಪತ್ತು ಫೈಲುಗಳನ್ನು ನಕಲಿನಿಂದಲೇ ತೆರೆದು ನೋಡಿ.

ಕಾಪಿ ಮಾಡುವಾಗ ಹೆಸರು ತುಂಬಾ ಉದ್ದ ಅಂತ ನಿಂತುಬಿಡುತ್ತೆ. ಹೆಸರು ಅಷ್ಟೇನೂ ಉದ್ದ ಇಲ್ಲ!

ಫೈಲಿನ ಹೆಸರಷ್ಟೇ ಅಲ್ಲ, ಡ್ರೈವ್‌ನಿಂದ ಫೈಲಿನವರೆಗಿನ ಇಡೀ ದಾರಿ ಲೆಕ್ಕಕ್ಕೆ ಬರುತ್ತದೆ. ಎಕ್ಸ್‌ಪ್ಲೋರರ್‌ನ ಮಿತಿ ಸುಮಾರು 260. ಕನ್ನಡದಲ್ಲಿ ಹೆಸರಿಟ್ಟವರಿಗೆ ಇದು ಬೇಗ ತಾಗುತ್ತದೆ. ಕಾರಣ, ಒತ್ತಕ್ಷರ, ಗುಣಿತದ ಗುರುತು ಎಲ್ಲ ಬೇರೆ ಬೇರೆ ಎಣಿಕೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಕಂಪ್ಯೂಟರಿಗೆ ಆರು. ನಕಲನ್ನು ಡೆಸ್ಕ್‌ಟಾಪ್‌ನ ಆಳದ ಫೋಲ್ಡರಿಗೆ ಹಾಕಬೇಡಿ. ಡ್ರೈವ್‌ನ ಬುಡದಲ್ಲೇ ಒಂದಕ್ಷರದ ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿ.

ವಿಂಡೋಸ್ ಜೊತೆಗೇ ಬರುವ ರೋಬೊಕಾಪಿ ಎಂಬ ನಕಲು ಮಾಡುವ ಕಮಾಂಡಿಗೆ ಈ ಮಿತಿ ಇಲ್ಲ, ಆದರೆ ಎರಡು ಚಾಳಿಗಳಿವೆ. ಓದಲಾಗದ ಫೈಲು ಸಿಕ್ಕರೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಮರುಪ್ರಯತ್ನ ಮತ್ತು ಕಾಯುವ ಸಮಯ ಎರಡನ್ನೂ 1ಕ್ಕೆ ಇಳಿಸಿ. ಇಡೀ ಡ್ರೈವ್ ನಕಲು ಮಾಡಿದಾಗ ಹೊಸ ಫೋಲ್ಡರ್ ಕಣ್ಣಿಗೆ ಕಾಣದಂತಾಗುವುದು ಎರಡನೆಯದು. ಡ್ರೈವ್‌ನ ಬುಡಕ್ಕಿರುವ ‘ಹಿಡನ್’, ‘ಸಿಸ್ಟಮ್’ ಗುಣಗಳು ಅದಕ್ಕೂ ಅಂಟಿಕೊಂಡಿರುತ್ತವೆ, ಅಷ್ಟೇ. ಫೈಲು ಎಲ್ಲೂ ಹೋಗಿಲ್ಲ. ಆಟ್ರಿಬ್ ಕಮಾಂಡ್‌ನಿಂದ ಆ ಎರಡನ್ನು ತೆಗೆದರೆ ಫೋಲ್ಡರ್ ಕಾಣುತ್ತದೆ. ಒಂದು ಒಳ್ಳೆಯ ಗುಣವನ್ನೂ ಹೇಳಬೇಕು: ಅದೇ ಕಮಾಂಡನ್ನು ಎರಡನೇ ಸಲ ಓಡಿಸಿದಾಗ ನಕಲಾದ ಫೈಲು ಸೊನ್ನೆ, ಸೋತದ್ದೂ ಸೊನ್ನೆ ಅಂತ ಬಂದರೆ ಏನೂ ಬಿಟ್ಟುಹೋಗಿಲ್ಲ.

ಡಿಯಲ್ಲಿ ಗೇಮ್ಸ್, ಟ್ಯಾಲಿ, ಒಂದೆರಡು ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಿವೆ. ಫೋಲ್ಡರ್ ಕಾಪಿ ಮಾಡಿದರೆ ನಡೆಯುತ್ತಾ?

ಹೆಚ್ಚಿನವು ನಡೆಯುವುದಿಲ್ಲ. ಇನ್‌ಸ್ಟಾಲ್ ಆಗುವಾಗ ‘ನಾನು ಡಿಯಲ್ಲಿದ್ದೇನೆ’ ಅಂತ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ದಾಖಲೆ) ಬರೆದುಕೊಂಡಿರುತ್ತವೆ. ಡಿಯನ್ನು ಅಳಿಸುವ ಮೊದಲು ಅನ್‌ಇನ್‌ಸ್ಟಾಲ್ ಮಾಡಿ ಸಿಯಲ್ಲಿ ಹೊಸದಾಗಿ ಹಾಕುವುದು ಸರಿ. ಸ್ಟೀಮ್ ಗೇಮ್‌ಗಳನ್ನು ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗ್‌ನಿಂದಲೇ ಸಾಗಿಸಬಹುದು. ಲೆಕ್ಕಪತ್ರದ ಸಾಫ್ಟ್‌ವೇರ್‌ಗಳ ಡೇಟಾ ಫೋಲ್ಡರ್ ನಕಲು ಮಾಡಿದರೆ ಸಾಕು, ಆದರೆ ಸಾಫ್ಟ್‌ವೇರ್‌ಗೆ ಹೊಸ ದಾರಿ ತೋರಿಸಬೇಕು. ಬ್ಯಾಕಪ್ ಅನ್ನು ಅದರೊಳಗಿಂದಲೂ ಒಂದು ತೆಗೆದಿಡಿ.

ಹಳೆಯ ಶಾರ್ಟ್‌ಕಟ್, ಎಕ್ಸೆಲ್ ಲಿಂಕ್‌ಗಳೆಲ್ಲ ಡಿಯನ್ನೇ ಹುಡುಕುತ್ತಿದ್ದರೆ, ಸಬ್‌ಸ್ಟ್ ಕಮಾಂಡ್‌ನಿಂದ ಸಿಯ ಒಂದು ಫೋಲ್ಡರಿಗೆ ಡಿ ಅಂತ ಹೆಸರು ಕೊಡಬಹುದು. ಲಾಗ್ ಆಫ್ ಆದರೆ ಅದು ಅಳಿಯುತ್ತದೆ. ಪ್ರತಿ ಸಲ ಶುರುವಿನಲ್ಲಿ ಓಡುವಂತೆ ಇಡಬೇಕು.

ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನೋ ಪೇಜ್ ಫೈಲನ್ನೋ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಫೈಲು) ಹಿಂದೆ ಯಾವಾಗಲೋ ಡಿಗೆ ಸಾಗಿಸಿದ್ದರೆ ಮೊದಲು ವಾಪಸ್ ತನ್ನಿ.

ಬಿಟ್‌ಲಾಕರ್ ಇದ್ದರೆ?

ಬಿಟ್‌ಲಾಕರ್ ಅಂದರೆ ಕೀ ಇಲ್ಲದೆ ಓದಲಾಗದಂತೆ ಡಿಸ್ಕ್‌ಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸ್‌ನ ರಕ್ಷಣೆ. ಮೊದಲು ಇದೆಯೇ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕೇಳದೆಯೇ ಆನ್ ಆಗಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿಯ ಕೆಳಗೆ ಹಾಗೆಂದು ಬರೆದಿರುತ್ತದೆ. 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ ಅಥವಾ ಫೋನಿನಲ್ಲಿ ಖಾತೆ ತೆರೆದು ಕಾಣುತ್ತದೆಯೇ ನೋಡಿ. ಆಮೇಲೆ ರಕ್ಷಣೆಯನ್ನು ಸಸ್ಪೆಂಡ್ ಮಾಡಿ. ವಿಂಡೋಸ್‌ನ ಸ್ವಂತ ಸಾಧನದಿಂದ ಹಿಗ್ಗಿಸಲು ಇಷ್ಟು ಸಾಕು. ಹೊರಗಿನ ಬೂಟ್ ಪೆನ್‌ಡ್ರೈವ್‌ನಿಂದ ಮಾಡುವುದಾದರೆ ಪೂರ್ತಿ ಡಿಕ್ರಿಪ್ಟ್ ಆಗಬೇಕು, ಅದಕ್ಕೆ ಗಂಟೆಗಳು ಬೇಕು.

## ಕೆಲಸ ಮಾಡುವಾಗ

ಸರಿ, ಬ್ಯಾಕಪ್ ಆಯ್ತು. ಈಗ ಏನೇನು ಒತ್ತಬೇಕು?

1. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಬ್ಯಾಕಪ್ ಡಿಸ್ಕ್ ಕಿತ್ತು ಪಕ್ಕಕ್ಕಿಡಿ. ತಪ್ಪಿ ಅದನ್ನೇ ಅಳಿಸಿದವರಿದ್ದಾರೆ.
2. ಸಿ ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್ ಟ್ಯಾಬ್‌ಗೆ ಹೋಗಿ ‘ಚೆಕ್’ ಒತ್ತಿ. ದೋಷ ಇದ್ದರೆ ಸರಿಯಾಗುವವರೆಗೆ ಮುಂದುವರಿಯಬೇಡಿ.
3. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಮತ್ತು ಡಿ ಒಂದೇ ಡಿಸ್ಕ್‌ನಲ್ಲಿ, ಸಿಯ ಬಲಕ್ಕೆ ತಾಗಿಕೊಂಡೇ ಡಿ ಇದೆಯೇ ನೋಡಿ.
4. ಡಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಲೀಟ್ ವಾಲ್ಯೂಮ್’. ಆ ಭಾಗ ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’ ಆಗುತ್ತದೆ.
5. ಸಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಟೆಂಡ್ ವಾಲ್ಯೂಮ್’. ವಿಝಾರ್ಡ್ ತಾನಾಗಿ ಪೂರ್ತಿ ಗಾತ್ರ ತೋರಿಸಿರುತ್ತದೆ, ನೆಕ್ಸ್ಟ್, ಫಿನಿಶ್.

ಆಮೇಲೆ ಫೈಲುಗಳನ್ನು ವಾಪಸ್ ತನ್ನಿ. ಬ್ಯಾಕಪ್ ಅನ್ನು ಒಂದೆರಡು ವಾರ ಹಾಗೇ ಇರಿಸಿ. ಬಿಟ್‌ಲಾಕರ್ ಸಸ್ಪೆಂಡ್ ಮಾಡಿದ್ದರೆ ಮತ್ತೆ ಆನ್ ಮಾಡಿ.

ಎಕ್ಸ್‌ಟರ್ನಲ್ ಡಿಸ್ಕ್ ಇಲ್ಲ. ಸಿಯಲ್ಲೂ ಜಾಗ ಇಲ್ಲ. ಬೇರೆ ದಾರಿಯೇ ಇಲ್ವಾ?

ಡಿ ಅರ್ಧಕ್ಕಿಂತ ಕಡಿಮೆ ತುಂಬಿದ್ದರೆ ಇದೆ. 500 ಜಿಬಿ ಡಿಸ್ಕ್ ಅಂದುಕೊಳ್ಳಿ, ವಿಂಡೋಸ್ ಲೆಕ್ಕದಲ್ಲಿ 465. ಸಿ 100 (85 ತುಂಬಿದೆ), ಡಿ 365 (150 ತುಂಬಿದೆ).

ಡಿಯನ್ನು 200 ಜಿಬಿ ಕುಗ್ಗಿಸಿ, ಬಲತುದಿಯಲ್ಲಿ ಬಂದ ಖಾಲಿ ಜಾಗದಲ್ಲಿ ಇ ಅಂತ ಹೊಸ ವಾಲ್ಯೂಮ್ ಮಾಡಿ. ಡಿಯ 150 ಜಿಬಿಯನ್ನು ಅಲ್ಲಿಗೆ ನಕಲು ಮಾಡಿ, ಪರೀಕ್ಷಿಸಿ. ಈಗ ಡಿಯ 165 ಜಿಬಿ ಅಳಿಸಿ ಸಿಯನ್ನು ಹಿಗ್ಗಿಸಿದರೆ ಸಿ 265 ಆಗುತ್ತದೆ, ಅದರಲ್ಲಿ 180 ಖಾಲಿ. ಇ ಡ್ರೈವ್‌ನ 150 ಜಿಬಿಯನ್ನು ಸಿಗೆ ನಕಲು ಮಾಡಿ, ಇ ಅಳಿಸಿ, ಸಿಯನ್ನು ಮತ್ತೆ ಹಿಗ್ಗಿಸಿ. 465 ಜಿಬಿಯೂ ಒಂದಾಯಿತು.

ಇಲ್ಲಿ ಮೂಲ, ನಕಲು ಎರಡೂ ಒಂದೇ ಡಿಸ್ಕ್‌ನಲ್ಲಿವೆ. ಡಿಸ್ಕ್ ಹಳೆಯದಾಗಿ ಕಟಕಟ ಸದ್ದು ಮಾಡುತ್ತಿದ್ದರೆ ಈ ದಾರಿ ಹಿಡಿಯಬೇಡಿ. ಮತ್ತೆ ಸಿಗದಂಥ ಫೋಟೋ, ದಾಖಲೆಗಳನ್ನಾದರೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

## ಸಿಕ್ಕಿಹಾಕಿಕೊಂಡಾಗ

ಎಕ್ಸ್‌ಟೆಂಡ್ ವಾಲ್ಯೂಮ್ ಬೂದುಬಣ್ಣದಲ್ಲಿದೆ, ಒತ್ತೋಕೇ ಆಗ್ತಿಲ್ಲ.

ಖಾಲಿ ಜಾಗ ಸಿಯ ಬಲಕ್ಕೆ ತಾಗಿಕೊಂಡಿಲ್ಲ ಎಂಬುದೇ ಹತ್ತರಲ್ಲಿ ಒಂಬತ್ತು ಸಲದ ಕಾರಣ. ಡಿಯನ್ನು ಅಳಿಸದೆ ಬರೀ ಕುಗ್ಗಿಸಿದರೆ ಹೀಗಾಗುತ್ತದೆ: ವಿಂಡೋಸ್ ಡಿಯನ್ನು ಬಾಲದ ಕಡೆಯಿಂದ ಕುಗ್ಗಿಸುತ್ತದೆ, ಖಾಲಿ ಜಾಗ ಡಿಯ ಆಚೆ ಬೀಳುತ್ತದೆ, ಸಿಗೆ ಸಿಗುವುದಿಲ್ಲ. ಮಧ್ಯೆ ರಿಕವರಿ ಪಾರ್ಟಿಷನ್ ಕೂತಿದ್ದರೂ ಅಷ್ಟೇ. ಹಿಗ್ಗಿಸಬೇಕಾದ ವಾಲ್ಯೂಮ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಜಾಗ ಪಕ್ಕದಲ್ಲಿದ್ದರೂ ಆಗದು.

ಡಿ ಡಿಲೀಟ್ ಮಾಡಿದೆ. ಕಪ್ಪು ಬರುವ ಬದಲು ಹಸಿರು ಬಂತು, ‘ಫ್ರೀ ಸ್ಪೇಸ್’ ಅಂತಿದೆ.

ಇದು ಹಳೆಯ ಎಂಬಿಆರ್ ಡಿಸ್ಕ್, ಅಂದರೆ ಪಾರ್ಟಿಷನ್‌ಗಳ ಪಟ್ಟಿ ಹಳೆಯ ಬಗೆಯದು. ಡಿ ಒಂದು ‘ಎಕ್ಸ್‌ಟೆಂಡೆಡ್’ ಪಾರ್ಟಿಷನ್‌ನ ಒಳಗಿತ್ತು; ಒಳಗಿನ ಕೋಣೆ ಖಾಲಿಯಾಗಿದೆ, ಹೊರಗೋಡೆ ಇನ್ನೂ ಇದೆ. ಅದೇ ಹಸಿರು ಭಾಗವನ್ನು ಇನ್ನೊಮ್ಮೆ ಡಿಲೀಟ್ ಮಾಡಿದರೆ ಕಪ್ಪಾಗುತ್ತದೆ. ಆದರೆ ಆ ಗೋಡೆಯೊಳಗೆ ಇ, ಎಫ್ ಕೂಡ ಇದ್ದರೆ ಅವನ್ನೂ ನಕಲು ಮಾಡಿ ಅಳಿಸುವವರೆಗೆ ಗೋಡೆ ಬೀಳುವುದಿಲ್ಲ.

ಸಿ ಮತ್ತು ಡಿ ಮಧ್ಯೆ 600 ಎಂಬಿ ರಿಕವರಿ ಪಾರ್ಟಿಷನ್ ಇದೆ. ಡಿಲೀಟ್ ಮಾಡಿಬಿಡಲಾ?

ಕಣ್ಣು ಮುಚ್ಚಿ ಮಾಡಬೇಡಿ. ವಿಂಡೋಸ್ ಏಳದಿದ್ದಾಗ ಬರುವ ನೀಲಿ ದುರಸ್ತಿ ಪರದೆ ಇರುವುದು ಅದರಲ್ಲಿ. ಹತ್ತಿಪ್ಪತ್ತು ಜಿಬಿಯದ್ದು ಇದ್ದರೆ ಅದು ಲ್ಯಾಪ್‌ಟಾಪ್ ಕಂಪನಿಯವರು ಹಾಕಿದ ಫ್ಯಾಕ್ಟರಿ ರಿಸೆಟ್ ಇರಬಹುದು, ಹೋದರೆ ಹೋಯಿತು.

ಸುಲಭದ ದಾರಿ, ಅದನ್ನು ಡಿಸ್ಕ್‌ನ ಕೊನೆಗೆ ಸರಿಸುವುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಸರಿಸಲು ಬರುವುದಿಲ್ಲ. ಮಿನಿಟೂಲ್, ಏಒಎಂಇಐ ಅಥವಾ ಜಿಪಾರ್ಟೆಡ್‌ನಂಥ ಬೇರೆ ಪಾರ್ಟಿಷನ್ ಸಾಧನ ಬೇಕು. 600 ಎಂಬಿ ಸರಿಯಲು ನಿಮಿಷವೂ ಬೇಡ.

ವಿಂಡೋಸ್‌ನಲ್ಲೇ ಮಾಡುವುದಾದರೆ ಅಡ್ಮಿನ್ ಟರ್ಮಿನಲ್‌ನಲ್ಲಿ ರೀಏಜೆಂಟ್‌ಸಿ ಕಮಾಂಡಿಗೆ ‘ಡಿಸೇಬಲ್’ ಕೊಡಿ, ದುರಸ್ತಿ ಫೈಲು ಸಿಗೆ ಬರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಈ ಪಾರ್ಟಿಷನ್ ಅಳಿಸಲು ಬಿಡುವುದಿಲ್ಲ. ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ಸಾಧನದಲ್ಲಿ ‘ಡಿಲೀಟ್ ಪಾರ್ಟಿಷನ್ ಓವರ್‌ರೈಡ್’ ಬೇಕು, ಮತ್ತು ಸರಿಯಾದ ಪಾರ್ಟಿಷನ್ ಸಂಖ್ಯೆ ಆಯ್ದಿದ್ದೀರಾ ಅಂತ ಎರಡು ಸಲ ನೋಡಬೇಕು, ಯಾಕೆಂದರೆ ಅದು ಖಚಿತಪಡಿಸಿಕೊಳ್ಳಲು ಕೇಳುವುದಿಲ್ಲ. ಸಿಯನ್ನು ಹಿಗ್ಗಿಸಿದ ಮೇಲೆ ಅದೇ ಕಮಾಂಡಿಗೆ ‘ಎನೇಬಲ್’ ಕೊಟ್ಟರೆ, ಬೇರೆ ಜಾಗ ಇಲ್ಲದಿದ್ದಾಗ ದುರಸ್ತಿ ಫೈಲು ಸಿಯೊಳಗೇ ಕೂರುತ್ತದೆ. ಬಿಟ್‌ಲಾಕರ್ ಬಳಸುವವರಿಗೆ ಇದು ಸರಿಹೋಗದು. ಅವರು ಕೊನೆಯಲ್ಲಿ 1 ಜಿಬಿ ಬಿಟ್ಟು ಪ್ರತ್ಯೇಕ ರಿಕವರಿ ಪಾರ್ಟಿಷನ್ ಮಾಡಬೇಕು. 1 ಜಿಬಿ ಜಾಸ್ತಿಯಾಯಿತು ಅನ್ನಬೇಡಿ. 2024ರ ಜನವರಿಯ ಒಂದು ವಿಂಡೋಸ್ 10 ಅಪ್‌ಡೇಟ್‌ಗೆ ಈ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು, ಇಲ್ಲದ ಕಡೆ ಅಪ್‌ಡೇಟ್ ಆಗಲೇ ಇಲ್ಲ.

ಡಿಯಲ್ಲಿ 200 ಜಿಬಿ ಖಾಲಿ ಇದೆ, ಆದರೆ ಶ್ರಿಂಕ್ ಮಾಡೋಕೆ 12 ಜಿಬಿ ಮಾತ್ರ ಅಂತ ತೋರಿಸುತ್ತೆ.

ಬಾಲದ ಕಡೆ ಸರಿಸಲಾಗದ ಒಂದು ಫೈಲು ಕೂತಿದೆ. ಅದರಾಚೆಗಿನ ಜಾಗವನ್ನಷ್ಟೇ ವಿಂಡೋಸ್ ಬಿಡಿಸಿಕೊಡುತ್ತದೆ. ಡಿಯ ಮೇಲೆ ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದ್ದರೆ ತೆಗೆದು ರಿಸ್ಟೋರ್ ಪಾಯಿಂಟ್ ಅಳಿಸಿ, ಪೇಜ್ ಫೈಲ್ ಇದ್ದರೆ ಸಿಗೆ ಹಾಕಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ.

ಅಯ್ಯೋ, ಬ್ಯಾಕಪ್ ಇಲ್ಲದೇ ಡಿ ಡಿಲೀಟ್ ಮಾಡಿಬಿಟ್ಟೆ!

ಮೊದಲು ಕೈ ತೆಗೆಯಿರಿ. ಎಕ್ಸ್‌ಟೆಂಡ್ ಬೇಡ, ಹೊಸ ವಾಲ್ಯೂಮ್ ಬೇಡ, ಫಾರ್ಮ್ಯಾಟ್ ಬೇಡ. ಹಾರ್ಡ್ ಡಿಸ್ಕ್ ಆದರೆ ಅಳಿದದ್ದು ಪಾರ್ಟಿಷನ್‌ನ ವಿಳಾಸ ಮಾತ್ರ, ಫೈಲುಗಳು ಅಲ್ಲೇ ಇವೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನ ಹಳೆಯ ಗಡಿ ಹುಡುಕಿ ಮತ್ತೆ ಬರೆಯಬಲ್ಲದು. ಎಸ್‌ಎಸ್‌ಡಿ ಆದರೆ ಕಷ್ಟ: ವಾಲ್ಯೂಮ್ ಅಳಿಸಿದ ಕೂಡಲೇ ವಿಂಡೋಸ್ ‘ಈ ಜಾಗ ಬೇಡ’ ಅಂತ ಟ್ರಿಮ್ ಸೂಚನೆ ಕಳಿಸುತ್ತದೆ, ಎಸ್‌ಎಸ್‌ಡಿ ಒಳಗಿಂದ ಅದನ್ನು ಖಾಲಿ ಮಾಡತೊಡಗುತ್ತದೆ. ಕೂಡಲೇ ಪವರ್ ತೆಗೆದು ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ, ಆದರೂ ಸಿಗುತ್ತದೆಂಬ ಖಾತ್ರಿ ಇಲ್ಲ.

## ಇನ್ನಷ್ಟು ಆಳಕ್ಕೆ

ಜಿಪಾರ್ಟೆಡ್‌ನಿಂದ ಡಿಯನ್ನೇ ಬಲಕ್ಕೆ ಸರಿಸಿ ಸಿಗೆ ಜಾಗ ಕೊಡಬಹುದಂತೆ. ಒಳ್ಳೇದಾ?

ಆಗುತ್ತದೆ, ಡಿಯೂ ಉಳಿಯುತ್ತದೆ. ಆದರೆ ಇಲ್ಲಿ ಡೇಟಾ ಭೌತಿಕವಾಗಿ ಸರಿಯಬೇಕು. ಹಾರ್ಡ್ ಡಿಸ್ಕ್‌ನಲ್ಲಿ 400 ಜಿಬಿಗೆ ಹಲವು ಗಂಟೆ, ಅಷ್ಟು ಹೊತ್ತೂ ಕರೆಂಟ್ ಇರಬೇಕು; ನಡುವೆ ನಿಂತರೆ ಪಾರ್ಟಿಷನ್ ಅರ್ಧ ಹಳೇ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿಯುತ್ತದೆ. ಹಾಗಾಗಿ ಬ್ಯಾಕಪ್ ಇದಕ್ಕೂ ಬೇಕು. ಬ್ಯಾಕಪ್ ಹೇಗೂ ಮಾಡಿದ ಮೇಲೆ ಅಳಿಸಿ ಹಿಗ್ಗಿಸುವುದೇ ಬೇಗ, ನಮ್ಮ ಮಟ್ಟಿಗೆ ಅದೇ ಸರಿ.

ಮಾಡುವುದೇ ಆದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ಸಾಮಾನ್ಯ ಶಟ್‌ಡೌನ್ ಅರೆನಿದ್ದೆ ಮಾತ್ರ, ಅಂಥ ಎನ್‌ಟಿಎಫ್‌ಎಸ್ ಪಾರ್ಟಿಷನ್ನನ್ನು ಜಿಪಾರ್ಟೆಡ್ ಮುಟ್ಟುವುದಿಲ್ಲ.

ಡೈನಾಮಿಕ್ ಡಿಸ್ಕ್‌ಗೆ ಬದಲಾಯಿಸಲಾ ಅಂತ ವಿಂಡೋಸ್ ಕೇಳ್ತಿದೆ. ಎಸ್ ಒತ್ತಲಾ?

ನೋ ಒತ್ತಿ. ಡೈನಾಮಿಕ್ ಅಂದರೆ ದೂರದ ಜಾಗಗಳನ್ನೂ ಒಂದೇ ವಾಲ್ಯೂಮ್ ಆಗಿ ಜೋಡಿಸುವ ವ್ಯವಸ್ಥೆ; ಸಾಮಾನ್ಯ ಡಿಸ್ಕ್‌ಗೆ ಬೇಸಿಕ್ ಅನ್ನುತ್ತಾರೆ. ದೂರದ ಜಾಗವನ್ನು ಸೇರಿಸಲು ಹೊರಟಾಗ ಈ ಪ್ರಶ್ನೆ ಬರುತ್ತದೆ. ಒಮ್ಮೆ ಬದಲಾದರೆ ಎಲ್ಲ ವಾಲ್ಯೂಮ್ ಅಳಿಸದೆ ಬೇಸಿಕ್‌ಗೆ ಹಿಂದಿರುಗಲು ವಿಂಡೋಸ್‌ನಲ್ಲಿ ದಾರಿಯಿಲ್ಲ. ಮೈಕ್ರೋಸಾಫ್ಟ್ ಕೂಡ ಈ ವ್ಯವಸ್ಥೆಯನ್ನು ಕೈಬಿಡುತ್ತಿದೆ.

4 ಟಿಬಿ ಡಿಸ್ಕ್, 2 ಟಿಬಿ ಮೇಲೆ ಹಿಗ್ಗುತ್ತಿಲ್ಲ.

ಎಂಬಿಆರ್ ಪಟ್ಟಿಗೆ 2 ಟಿಬಿಯಿಂದಾಚೆ ಎಣಿಸಲು ಬರುವುದಿಲ್ಲ, ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿ ಬೇಕು. ವಿಂಡೋಸ್ ಇರುವ ಡಿಸ್ಕ್ ಆದರೆ 10ರ 1703 ಆವೃತ್ತಿಯಿಂದ ಬಂದಿರುವ ‘ಎಂಬಿಆರ್2ಜಿಪಿಟಿ’ ಫೈಲ್ ಅಳಿಸದೆ ಬದಲಾಯಿಸುತ್ತದೆ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಇರಲೇಬಾರದು. ಆಮೇಲೆ ಬಯಾಸ್‌ನಲ್ಲಿ ಬೂಟ್ ವಿಧಾನವನ್ನು ಯುಇಎಫ್‌ಐಗೆ ಬದಲಿಸದಿದ್ದರೆ ಕಂಪ್ಯೂಟರ್ ಏಳುವುದಿಲ್ಲ.

ಉಬುಂಟು ತೆಗೆದು ಆ ಜಾಗ ವಿಂಡೋಸ್‌ಗೆ ಕೊಡಬೇಕು.

ಅಳಿಸುವ ಮೊದಲು ಬಯಾಸ್‌ಗೆ ಹೋಗಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೊದಲಿಗೆ ತನ್ನಿ, ಒಮ್ಮೆ ಬೂಟ್ ಮಾಡಿ ನೋಡಿ. ಹಾಗೆ ಮಾಡದೆ ಅಳಿಸಿದವರಿಗೆ ಕಪ್ಪು ಪರದೆಯಲ್ಲಿ ಉಬುಂಟುವಿನ ಬೂಟ್ ಸಾಧನದ ‘ಗ್ರಬ್ ರೆಸ್ಕ್ಯೂ’ ಕಾಣುತ್ತದೆ. ಗಾಬರಿ ಬೇಡ, ಬೂಟ್ ಕ್ರಮ ಬದಲಿಸಿದರೆ ವಿಂಡೋಸ್ ಏಳುತ್ತದೆ. 100 ಎಂಬಿ ಆಸುಪಾಸಿನ ಇಎಫ್‌ಐ ಪಾರ್ಟಿಷನ್ ಮಾತ್ರ ಮುಟ್ಟಬೇಡಿ, ವಿಂಡೋಸ್ ಏಳಲು ಬೇಕಾದ್ದೂ ಅದರಲ್ಲೇ ಇದೆ.

ಲಿನಕ್ಸ್‌ನಲ್ಲಿ ಹೋಮ್ ಪಾರ್ಟಿಷನ್ನನ್ನು ರೂಟ್‌ಗೆ ಸೇರಿಸೋದು?

ಎಲ್‌ವಿಎಂ (ಡಿಸ್ಕ್ ಜಾಗವನ್ನು ಒಟ್ಟುಗೂಡಿಸಿ ಹಂಚುವ ಲಿನಕ್ಸ್ ವ್ಯವಸ್ಥೆ) ಇದ್ದರೆ ಜಾಗ ಪಕ್ಕದಲ್ಲೇ ಇರಬೇಕೆಂದಿಲ್ಲ, ಎಲ್ಲಿದ್ದರೂ ಸೇರಿಸಬಹುದು. ಇಲ್ಲದಿದ್ದರೆ ಹೋಮ್‌ನ ಫೈಲುಗಳನ್ನು ಲೈವ್ ಪೆನ್‌ಡ್ರೈವ್‌ನಿಂದ ಹೊರಗೆ ನಕಲು ಮಾಡಿ, ಹೋಮ್ ಪಾರ್ಟಿಷನ್ ಅಳಿಸಿ, ರೂಟ್ ಹಿಗ್ಗಿಸಿ ವಾಪಸ್ ಹಾಕಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ಹೋಮ್‌ನ ಹಳೆಯ ಸಾಲು ತೆಗೆಯಲು ಮರೆತರೆ ಬೂಟ್ ಆಗುವಾಗ ಇಲ್ಲದ ಪಾರ್ಟಿಷನ್‌ಗೆ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ನಕಲನ್ನು ಎಕ್ಸ್‌ಫ್ಯಾಟ್ ಡಿಸ್ಕ್‌ಗೆ ಹಾಕಬೇಡಿ, ಮಾಲೀಕತ್ವ ಮತ್ತು ಪರ್ಮಿಷನ್ ಉಳಿಯುವುದಿಲ್ಲ.

ಮ್ಯಾಕ್‌ನಲ್ಲಿ?

ಈಗಿನ ಮ್ಯಾಕ್‌ಗಳು ಬಳಸುವ ಎಪಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ ಒಂದೇ ಕಂಟೇನರ್‌ನ ವಾಲ್ಯೂಮ್‌ಗಳೆಲ್ಲ ಜಾಗವನ್ನು ಹಂಚಿಕೊಂಡೇ ಇರುತ್ತವೆ. ಡಿಸ್ಕ್ ಯುಟಿಲಿಟಿಯಲ್ಲಿ ಬೇಡದ ವಾಲ್ಯೂಮ್ ಅಳಿಸಿದರೆ ಜಾಗ ತಾನಾಗಿ ಉಳಿದವುಗಳಿಗೆ ಸಿಗುತ್ತದೆ, ಹಿಗ್ಗಿಸುವ ಕೆಲಸವೇ ಇಲ್ಲ. ಅಳಿಸಿದ ವಾಲ್ಯೂಮ್‌ನ ಫೈಲು ಮಾತ್ರ ಇಲ್ಲೂ ಹೋಗುತ್ತದೆ.